ಎಲ್ಲದಕ್ಕೂ ನಡುವೆ ನಿಂತ ಸರ್

ಹೋದ ವಾರ ಅವರು ತೀರಿಕೊಂಡರು. ನಮ್ಮ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನಿಂದಲೇ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ತುಂಬಲಾರದ ನಷ್ಟ’, ‘ನಮ್ಮೆಲ್ಲರ ಗುರು’, ‘ಸರ್ ಇಲ್ಲದಿದ್ದರೆ ನಾವೆಲ್ಲ ಎಲ್ಲಿರುತ್ತಿದ್ದೆವೋ’. ಕೊನೆಯದನ್ನು ಬರೆದವನಿಗೆ ನಾನು ಉತ್ತರ ಕೊಡಬಹುದಿತ್ತು: ಇದಕ್ಕಿಂತ ಒಳ್ಳೆಯ ಜಾಗದಲ್ಲಿ ಇರುತ್ತಿದ್ದೆವು. ಕೊಡಲಿಲ್ಲ. ಸತ್ತವರ ಮನೆಯ ಬಾಗಿಲಲ್ಲಿ ಜಗಳ ತೆಗೆಯುವ ಅಭ್ಯಾಸ ನನಗಿಲ್ಲ. ಸುಮ್ಮನೆ ಇದ್ದುಬಿಡುತ್ತಿದ್ದೆ, ಆದರೆ ಮಧ್ಯಾಹ್ನ ಹಳೆಯ ಸಹೋದ್ಯೋಗಿ ಮಹೇಶ ಫೋನ್ ಮಾಡಿದ.

“ಮೇಡಂ, ಭಾನುವಾರ ಸಂತಾಪ ಸಭೆ ಇಟ್ಕೊಂಡಿದೀವಿ. ನೀವು ಹತ್ರದಿಂದ ನೋಡಿದೋರು. ಬಂದು ಎರಡು ಮಾತಾಡ್ಬೇಕು.”

“ನನ್ ಕೈಲಿ ಆಗಲ್ಲ ಮಹೇಶ.”

“ಹಂಗನ್ಬೇಡಿ. ಆ ಫ್ಯಾಕ್ಟ್ರಿ ಹುಡ್ಗಿ ವಿಷ್ಯ ಒಂದು ಹೇಳಿ ಸಾಕು. ತಪ್ಪು ಅವಳ್ದೇ ಆದ್ರೂ ಸರ್ ಅವಳ ಪರ ಹೋಗಿ ಬೇಡ್ಕೊಂಡ್ರಲ್ಲ, ಅದು. ಸರ್ ಎಂಥಾ ಮನುಷ್ಯ ಅಂತ ಎಲ್ರಿಗೂ ಗೊತ್ತಾಗ್ಲಿ.”

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಮೈ ಉರಿಯಿತು. ಸಭೆಯಲ್ಲಿ ಮಾತಾಡುವುದಿಲ್ಲ, ಇಲ್ಲಿ ಬರೆಯುತ್ತೇನೆ. ಸರ್ ಎಂಥಾ ಮನುಷ್ಯ ಎಂದು ಎಲ್ಲರಿಗೂ ಗೊತ್ತಾಗಲಿ. ಹೆಸರು ಮಾತ್ರ ಹಾಕುವುದಿಲ್ಲ, ಏಕೆಂದರೆ ಅವರ ಹೆಂಡತಿ ಒಳ್ಳೆಯ ಹೆಂಗಸು.

ನಮ್ಮ ಆಫೀಸು ತುಮಕೂರಿನ ಸದಾಶಿವನಗರದಲ್ಲಿ ಒಂದು ಮನೆಯ ಮಹಡಿಯ ಮೇಲಿತ್ತು. ಹಳೆಯ ಕಾರ್ಖಾನೆಗಳ ಹಳೆಯ ಸಾಫ್ಟ್‌ವೇರನ್ನು ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಕಸುಬು. ನಾನು ದಿನಾ ಗುಬ್ಬಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ಅವರು ನಮ್ಮ ಟೀಮ್ ಲೀಡ್. ಅವರನ್ನು ನೆನೆಸಿಕೊಂಡರೆ ಮುಖಕ್ಕಿಂತ ಮೊದಲು ನನಗೆ ಅವರ ಅಂಗೈ ಕಾಣುತ್ತದೆ. ಯಾರಾದರೂ ಯಾರಿಗಾದರೂ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಆ ಅಂಗೈ ಮೇಲೆದ್ದು ಇಬ್ಬರ ನಡುವೆ ನಿಲ್ಲುತ್ತಿತ್ತು. “ಒಂದ್ನಿಮಿಷ, ಒಂದ್ನಿಮಿಷ.” ಆಮೇಲೆ ಹೇಳಿದವರ ಮಾತನ್ನು ಕೇಳಬೇಕಾದವರಿಗೆ ತಮ್ಮ ಮಾತಿನಲ್ಲಿ ಹೇಳುವರು. ಕನ್ನಡದಲ್ಲಿ ಆಡಿದ್ದನ್ನು ಕನ್ನಡಕ್ಕೇ ಅನುವಾದ ಮಾಡುತ್ತಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಚಹಾದವನು ಕೂಡ ಎಲ್ಲರ ಲೋಟಗಳನ್ನೂ ಅವರ ಮೇಜಿನ ಮೇಲೇ ಇಡಬೇಕು. ಅವರು ಒಂದೊಂದನ್ನೇ ಎತ್ತಿ, ತಾವೇ ಕಾಯಿಸಿ ಸೋಸಿದವರ ಹಾಗೆ ನಮ್ಮ ಕೈಗೆ ಕೊಡುವರು. ನಾವು “ಥ್ಯಾಂಕ್ಯೂ ಸರ್” ಎನ್ನಬೇಕು. ಅನ್ನದೆ ಇದ್ದರೆ ಲೋಟ ಅವರ ಕೈಯಲ್ಲೇ ಉಳಿಯುತ್ತಿತ್ತು.

ಕೆಳಗಿನ ಮನೆಯ ಯಜಮಾನಿಯ ವಿಷಯ ಹೇಳಬೇಕು. ನಾನು ಸೇರಿದ ಹೊಸದರಲ್ಲಿ ಆಕೆ ಎಂದರೆ ನಮಗೆಲ್ಲ ಭಯ. ಕಾರಣ, ಸರ್ ಆಗಾಗ ಮೆಟ್ಟಿಲು ಹತ್ತಿ ಬಂದು ಗಂಭೀರವಾಗಿ ಹೇಳುತ್ತಿದ್ದರು: “ಓನರ್ ಆಂಟಿ ಬಹಳ ಸಿಟ್ಟಾಗವ್ರೆ. ಬಾತ್‌ರೂಮೇ ಬಳಸ್ಬೇಡಿ ಅಂತಿದ್ರು. ನಾನು ಹೆಂಗೋ ಸಮಾಧಾನ ಮಾಡಿ ಬಂದಿದೀನಿ.” ನಾವು ಹೆಣ್ಣುಮಕ್ಕಳು ನೀರನ್ನು ತೀರ್ಥದ ಹಾಗೆ ಬಳಸುತ್ತಿದ್ದೆವು. ಒಂದು ದಿನ ಗೇಟಿನಲ್ಲಿ ಆಕೆಯೇ ಎದುರಾದರು. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ನಾನ್ಯಾವಾಗಮ್ಮ ಹಂಗಂದೆ? ಟ್ಯಾಂಕ್ ತುಂಬಿ ಹರೀತಿದ್ರೆ ಮೋಟ್ರು ಆಫ್ ಮಾಡ್ರಪ್ಪ ಅಂದಿದ್ದೆ, ಅಷ್ಟೇ. ನಿಮ್ ಸಾರೇ ಹೇಳಿದ್ರು, ಮೇಲಿರೋ ಹುಡುಗ್ರು ಯಾರ ಮಾತೂ ಕೇಳಲ್ಲ, ಬಹಳ ಒರಟು, ಏನಿದ್ರೂ ನನ್ ಹತ್ರ ಹೇಳಿ ಅಂತ.”

ಅವತ್ತು ನನಗೆ ಆ ಮನುಷ್ಯನ ಬಂಡವಾಳ ತಿಳಿಯಿತು. ಈ ಕಡೆಯವರಿಗೆ ಆ ಕಡೆಯವರು ರಾಕ್ಷಸರು, ಆ ಕಡೆಯವರಿಗೆ ಈ ಕಡೆಯವರು ಪೋಕರಿಗಳು. ಇಬ್ಬರಿಂದಲೂ ಇಬ್ಬರನ್ನೂ ಕಾಪಾಡುತ್ತಿರುವ ಪುಣ್ಯಾತ್ಮ ಇವರೊಬ್ಬರು. ಕಂಪನಿಯ ಯಜಮಾನರಿಗೂ ನಮಗೂ, ಗಿರಾಕಿಗಳಿಗೂ ನಮಗೂ ಇದೇ ಏರ್ಪಾಡು. “ಮಧ್ಯದಲ್ಲಿ ನಾನಿದೀನಲ್ಲ” ಎನ್ನುವುದು ಅವರ ಮಂತ್ರ. ನಾವು ನೆಮ್ಮದಿಯಾಗಿರಲಿ ಎಂದು ಹೇಳುತ್ತಾರೆಂದು ನಾವು ತಿಳಿದಿದ್ದೆವು.

ಅವರು ಕುಣಿಗಲ್‌ನವರು. ಅದನ್ನು ಅವರು ಮರೆಯುತ್ತಿರಲಿಲ್ಲ, ನಮಗೂ ಮರೆಯಲು ಬಿಡುತ್ತಿರಲಿಲ್ಲ. “ನಾವು ಕುಣಿಗಲ್ ಕುದುರೆ ಕಣಯ್ಯ, ರೇಸಿಗೆ ಇಳಿದ್ರೆ ಗೆದ್ದೇ ಬರೋದು.” ಕುದುರೆ ಫಾರಂನ ಕಾಂಪೌಂಡಿನ ಹತ್ತಿರ ಅವರ ಮನೆ ಇದ್ದದ್ದೊಂದೇ ಈ ಮಾತಿಗೆ ಆಧಾರ. ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದ ಆ ಆಸಾಮಿ ಎದೆಯುಬ್ಬಿಸಿ ಹೀಗೆಂದಾಗ ನಾನು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಳ್ಳಬೇಕಾಗುತ್ತಿತ್ತು.

ಒಂದು ಋಣ ಮಾತ್ರ ನನಗೆ ಅವರದಿದೆ. ಅದನ್ನು ಮುಚ್ಚಿಟ್ಟು ಬೈದರೆ ನಾನೂ ಅವರ ಜಾತಿಗೇ ಸೇರುತ್ತೇನೆ. ಇಂಟರ್‌ಸೆಪ್ಟರ್ ಎಂದರೆ ಏನು ಎಂದು ನನಗೆ ಕಲಿಸಿದವರು ಅವರು, ಚೆನ್ನಾಗಿಯೇ ಕಲಿಸಿದರು. ನಾನು ಸೇರಿದ ವಾರ ಬಿಳಿಯ ಬೋರ್ಡಿನ ಮುಂದೆ ನಿಲ್ಲಿಸಿಕೊಂಡು ಆ ತುದಿಗೊಂದು, ಈ ತುದಿಗೊಂದು ಚೌಕ ಬರೆದರು.

“ನೋಡಮ್ಮ, ಈ ಕಂಪ್ಯೂಟರ್‌ನಲ್ಲಿರೋ ಪ್ರೋಗ್ರಾಮು ಆ ಕಂಪ್ಯೂಟರ್‌ನಲ್ಲಿರೋ ಆಬ್ಜೆಕ್ಟಿಗೆ, ಈ ಕೆಲ್ಸ ಮಾಡಪ್ಪ ಅಂತ ಕೇಳುತ್ತೆ. ಪಕ್ಕದ್ ರೂಮಲ್ಲಿದೆ ಅನ್ನೋ ಹಂಗೆ ಕೇಳುತ್ತೆ. ಅದನ್ನ ಹೊತ್ಕೊಂಡು ಹೋಗಿ ಉತ್ತರ ತಂದು ಕೊಡೋದು ಮಿಡಲ್‌ವೇರು. ಆ ದಾರೀಲಿ ನಾವೊಂದು ಚೆಕ್‌ಪೋಸ್ಟ್ ಹಾಕ್ಬಹುದು. ಹೋಗೋ ಪ್ರತಿ ರಿಕ್ವೆಸ್ಟೂ, ಬರೋ ಪ್ರತಿ ಉತ್ತರಾನೂ ಅಲ್ಲಿ ನಿಂತು ಹೋಗ್ಬೇಕು. ಅದೇ ಇಂಟರ್‌ಸೆಪ್ಟರ್.”

ಇಷ್ಟು ಸರಳವಾಗಿ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಕಾರ್ಖಾನೆಗಳಲ್ಲಿ ಇನ್ನೂ ಉಸಿರಾಡುತ್ತಿರುವ ಕೋರ್ಬಾ ಎಂಬ ಆ ಹಳೆಯ ಮಿಡಲ್‌ವೇರಿನ ಹೆಸರು ಕೇಳಿದರೆ ಈಗಿನವರು ನಗುತ್ತಾರೆ. ನನಗೆ ಅದು ಇಷ್ಟವಾಯಿತು. ಯಾರೋ ಎಂದೋ ಬರೆದ ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟದೆ, ಕೇಳುವವನು ಯಾರು, ಅವನಿಗೆ ಅಧಿಕಾರವಿದೆಯೇ, ಎಷ್ಟು ಹೊತ್ತು ಹಿಡಿಯಿತು ಎಂದು ದಾರಿಯಲ್ಲೇ ನೋಡಬಹುದು. ಒಳ್ಳೆಯ ಇಂಟರ್‌ಸೆಪ್ಟರ್ ತಾನು ಅಲ್ಲಿದ್ದೇನೆ ಎಂಬುದನ್ನೇ ತೋರಗೊಡುವುದಿಲ್ಲ. ಬಂದದ್ದನ್ನು ನೋಡುತ್ತದೆ, ಬೇಕಾದರೆ ಒಂದು ಚೀಟಿ ಅಂಟಿಸುತ್ತದೆ, ಬಿಡುತ್ತದೆ. ಅವರಿಗೂ ಅದು ಇಷ್ಟವೇ. ಆದರೆ ಚೆಕ್‌ಪೋಸ್ಟಿನ ಗೇಟು ತಮ್ಮ ಕೈಯಲ್ಲಿದೆ ಎನ್ನುವ ಖುಷಿಗೆ ಇಷ್ಟ.

ಒಮ್ಮೆ ಅವರೇ ಒಂದು ಇಂಟರ್‌ಸೆಪ್ಟರ್ ಬರೆದು, ಯಾರಿಗೂ ಹೇಳದೆ ನಮ್ಮ ಆಫೀಸಿನ ಸಿಸ್ಟಂಗೆ ಹಾಕಿದರು. ಹಾದುಹೋಗುವ ಪ್ರತಿ ಕೋರಿಕೆಯನ್ನೂ ಅದು ಬೇರೆ ಸರ್ವರಿಗೆ ತಿಳಿಸಬೇಕು, ಆ ಸರ್ವರು ಬರೆದಿಟ್ಟುಕೊಳ್ಳಬೇಕು. ತಿಳಿಸುವುದೂ ಒಂದು ಕೋರಿಕೆಯೇ ತಾನೆ? ಅದೂ ಅದೇ ದಾರಿಯಲ್ಲಿ ಹೋಗಬೇಕು. ಹೋಗುವಾಗ ಅದೇ ಚೆಕ್‌ಪೋಸ್ಟು ಹಿಡಿಯಿತು, ಹಿಡಿದದ್ದನ್ನು ತಿಳಿಸಲು ಹೋಯಿತು, ಆ ತಿಳಿಸುವುದನ್ನೂ ಹಿಡಿಯಿತು. ತನ್ನ ಕೋರಿಕೆಯನ್ನು ತಾನೇ ತಡೆಯಬಾರದು ಎಂದು ಒಂದು ಸಾಲು ಬರೆಯುವುದನ್ನು ಅವರು ಮರೆತಿದ್ದರು. ಈ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಅದು. ನಾನೂ ಮಾಡಿಯೇನು, ಅದಕ್ಕಾಗಿ ನಾನು ಅವರನ್ನು ಆಡಿಕೊಳ್ಳುವುದಿಲ್ಲ. ಬೆಳಗ್ಗೆ ಎಲ್ಲರ ಪರದೆಯೂ ಕಲ್ಲಾಗಿ ಕೂತಿತ್ತು. ಅವರು ಒಳಗೆ ಬಂದು ನೋಡಿದರು. ಅರ್ಥವಾಯಿತು, ಅವರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಅಂಗೈ ಎದ್ದಿತು.

“ಒಂದ್ನಿಮಿಷ. ಯಾರೂ ಏನೂ ಮುಟ್ಬೇಡಿ. ಇದು ವೈರಸ್.”

ಎಲ್ಲರ ಪೆನ್‌ಡ್ರೈವೂ ಅವರ ಮೇಜಿನ ಮೇಲೆ ಬಂತು. ಒಂದೊಂದನ್ನೂ ಅಳಿಸಿ ಸ್ವಚ್ಛ ಮಾಡಿದರು. ಮಹೇಶನದರಲ್ಲಿ ಅವನ ಮಗಳ ನಾಮಕರಣದ ಫೋಟೋಗಳಿದ್ದವು, ಬೇರೆಲ್ಲೂ ಇರಲಿಲ್ಲ. “ಫೋಟೋ ಮತ್ತೆ ತೆಗಿಸ್ಕೊಬಹುದು ಕಣಯ್ಯ, ಕಂಪನಿ ಹೋದ್ರೆ ಬರುತ್ತಾ?” ಎಂದರು. ಊಟದ ಹೊತ್ತಿಗೆ ಸದ್ದಿಲ್ಲದೆ ಇಂಟರ್‌ಸೆಪ್ಟರ್ ತೆಗೆದುಹಾಕಿ, “ಓಡಿಸ್ಬಿಟ್ಟೆ ನೋಡಿ” ಎಂದರು. ಮಹೇಶ ಎದ್ದು ನಿಂತು ಥ್ಯಾಂಕ್ಸ್ ಹೇಳಿದ. ಇವತ್ತು ಸಂತಾಪ ಸಭೆಗೆ ಶಾಮಿಯಾನ ಹಾಕಿಸುತ್ತಿರುವವನೂ ಅವನೇ.

ಇಷ್ಟರಲ್ಲೇ ಅವರ ಕಥೆ ಮುಗಿದಿದ್ದರೆ ನಾನು ನಕ್ಕು ಮರೆಯುತ್ತಿದ್ದೆ. ಪ್ರತಿ ಆಫೀಸಿನಲ್ಲೂ ಇಂಥ ಒಂದು ಮೂರ್ತಿ ಇದ್ದೇ ಇರುತ್ತದೆ.

ವಸಂತನರಸಾಪುರದಲ್ಲಿ ತೆಂಗಿನ ಹಾಲನ್ನು ಪ್ಯಾಕೆಟ್ ಮಾಡುವ ಒಂದು ಕಾರ್ಖಾನೆ ನಮ್ಮ ಗಿರಾಕಿ. ಅಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತವರು ಪರದೆಯ ಮೇಲೆ ಗುಂಡಿ ಒತ್ತಿದರೆ, ಶೆಡ್ಡಿನಲ್ಲಿರುವ ಇನ್ನೊಂದು ಕಂಪ್ಯೂಟರಿಗೆ ಕೋರಿಕೆ ಹೋಗಿ, ಅದು ಪಂಪು ನಡೆಸಿ, ಹಾಲು ಒಡೆಯದ ಹಾಗೆ ಕಾಯುವ ಒಂದು ಅಂಟುದ್ರಾವಣವನ್ನು ಅಳತೆಯಂತೆ ಟ್ಯಾಂಕಿಗೆ ಬಿಡುತ್ತದೆ. ಶೆಡ್ಡಿನ ಕೇಬಲ್ ಹಳೆಯದು, ಆಗಾಗ ಸಂಪರ್ಕ ತಪ್ಪಿ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತಿತ್ತು. ಕೆಂಪು ಬಂದರೆ ಆಪರೇಟರು ಎದ್ದು ಶೆಡ್ಡಿಗೆ ನಡೆದು ನೋಡಿಕೊಂಡು ಬರಬೇಕು. ಪದೇ ಪದೇ ಹೀಗಾಗುತ್ತದೆ ಎಂದು ಮ್ಯಾನೇಜರು ಗೊಣಗಿದ್ದರು. ಕೇಬಲ್ ಬದಲಿಸಿ ಎಂದಿದ್ದರೆ ಮುಗಿಯುತ್ತಿತ್ತು. ಸರ್ ಅಂಗೈ ಎತ್ತಿದರು. “ಇನ್ಮೇಲೆ ನಿಮ್ ಸ್ಕ್ರೀನ್ ಮೇಲೆ ಎರರ್ರೇ ಬರಲ್ಲ, ನೋಡ್ತಿರಿ.”

ಬರಲೂ ಇಲ್ಲ. ಅವರು ದಾರಿಯಲ್ಲಿ ಒಂದು ಇಂಟರ್‌ಸೆಪ್ಟರ್ ಕೂರಿಸಿದ್ದರು. ಸಂಪರ್ಕ ತಪ್ಪಿತು ಎಂದು ಸುದ್ದಿ ಬಂದರೆ ಅದನ್ನು ಅಲ್ಲೇ ನುಂಗಿ, ಅದೇ ಕೋರಿಕೆಯನ್ನು ಅದೇ ವಿಳಾಸಕ್ಕೆ ಇನ್ನೊಮ್ಮೆ ಕಳಿಸುವುದು ಅದರ ಕೆಲಸ. ಉತ್ತರ ಬಂದಾಗ ಪರದೆಯ ಮೇಲೆ ಹಸಿರಿನಲ್ಲಿ ‘ಆಯಿತು’. ಮ್ಯಾನೇಜರು ಖುಷಿಯಾಗಿ ಸ್ವೀಟ್ ಬಾಕ್ಸ್ ಕೊಟ್ಟು ಕಳಿಸಿದರು. ಅದನ್ನೂ ಅವರು ಒಂದೊಂದೇ ತುಂಡು ಎತ್ತಿ ನಮ್ಮ ಕೈಗೆ ಹಾಕಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಹಳೆಯ ಮಿಡಲ್‌ವೇರ್ ಬಹಳ ಪ್ರಾಮಾಣಿಕ. ಸಂಪರ್ಕ ತಪ್ಪಿದಾಗ ಅದು ಬರಿದೇ ‘ತಪ್ಪಾಯಿತು’ ಎನ್ನುವುದಿಲ್ಲ. ನೀನು ಹೇಳಿದ ಕೆಲಸ ಆಗಿದೆ, ಆಗಿಲ್ಲ, ಅಥವಾ ಆಗಿರಬಹುದು ಎಂದು ಈ ಮೂರರಲ್ಲಿ ಒಂದನ್ನು ಜೊತೆಗೆ ಹೇಳುತ್ತದೆ. ಆಗಿಲ್ಲ ಎಂದರೆ ಮತ್ತೆ ಕಳಿಸಬಹುದು. ಆಗಿರಬಹುದು ಎಂದರೆ ನನಗೆ ಗೊತ್ತಿಲ್ಲ, ಹೋಗಿ ನೋಡು ಎಂದರ್ಥ. ಕೋರಿಕೆ ತಲುಪಿ ಪಂಪು ನಡೆದು, ವಾಪಸ್ ಬರುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದಲ್ಲ. ಈ ಮೂರನೆಯದನ್ನು ಅವರು ಓದುವ ಗೋಜಿಗೇ ಹೋಗಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ಅವರ ಬಾಯಲ್ಲೂ ಬರುತ್ತಿರಲಿಲ್ಲ, ಅವರ ಪ್ರೋಗ್ರಾಮಿನಲ್ಲೂ ಇರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಆಗ ಗುಂಡಿ ಒತ್ತುತ್ತಿದ್ದವಳು ರತ್ನ. ಡಿಪ್ಲೊಮಾ ಓದಿದ್ದಳು. ಗುಬ್ಬಿ ತಾಲೂಕಿನ ಹಾಗಲವಾಡಿಗೆ ಸೊಸೆಯಾಗಿ ಬಂದು, ಕೆಲಸಕ್ಕೆ ಹೋಗುತ್ತೇನೆ ಎಂದು ಅತ್ತೆಯನ್ನು ತಿಂಗಳುಗಟ್ಟಲೆ ಕಾಡಿ ಒಪ್ಪಿಸಿ, ಕಂಪನಿ ಬಸ್ಸು ಹತ್ತಿದವಳು. ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ನಾನು ಸಿಸ್ಟಂ ನೋಡಲು ಹೋದಾಗೆಲ್ಲ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, “ಪರ್ಮನೆಂಟ್ ಆಗ್ಲಿ ಅಕ್ಕ, ಆಮೇಲೆ ನಮ್ಮತ್ತೆ ಏನಾದ್ರೂ ಅಂದ್ಕಳ್ಳಿ” ಎನ್ನುತ್ತಿದ್ದಳು. ಆ ಕೆಲಸ ಅವಳಿಗೆ ಸಂಬಳಕ್ಕಿಂತ ದೊಡ್ಡದು. ಆ ಮನೆಯಲ್ಲಿ ತಲೆಯೆತ್ತಿ ನಿಲ್ಲುವ ಹಕ್ಕು ಅವಳಿಗೆ ಅದರಿಂದ ಬರಬೇಕಿತ್ತು.

ಒಂದು ಬೆಳಗ್ಗೆ ಒಂದು ಟ್ಯಾಂಕಿನ ತುಂಬ ಹಾಲು ಗಂಜಿಯ ಹಾಗೆ ಗಟ್ಟಿಯಾಯಿತು, ಪೈಪುಗಳೆಲ್ಲ ಕಟ್ಟಿಕೊಂಡವು. ಅಂಟುದ್ರಾವಣ ಎರಡು ಪಟ್ಟು ಬಿದ್ದಿತ್ತು. ಪರದೆಯ ಮೇಲೆ ಯಾವ ಕೆಂಪೂ ಇಲ್ಲ, ಹಸಿರು ‘ಆಯಿತು’ ಮಾತ್ರ. ಹಾಗಾದರೆ ಆಪರೇಟರೇ ಎರಡು ಸಲ ಒತ್ತಿರಬೇಕು ಎಂದಾಯಿತು. “ನಾನು ಒಂದೇ ಸಲ ಒತ್ತಿದ್ದು” ಎಂದು ರತ್ನ ಎಲ್ಲರಿಗೂ ಹೇಳಿದಳು. ನನಗೂ ಫೋನ್ ಮಾಡಿ ಹೇಳಿದಳು. ನಾನು ಕೋಡು ತೆರೆದು ನೋಡಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ನೇರ ಸರ್ ಕೋಣೆಗೆ ಹೋದೆ.

“ಸರ್, ಅವಳು ಒತ್ತಿರೋದು ಒಂದೇ ಸಲ. ಎರಡನೇದನ್ನ ಕಳ್ಸಿರೋದು ನಮ್ ಇಂಟರ್‌ಸೆಪ್ಟರು.”

ಅಂಗೈ ಎದ್ದಿತು. “ಒಂದ್ನಿಮಿಷ. ಅಂದ್ರೆ ನೀವು ಹೇಳ್ತಿರೋದು, ಸಿಸ್ಟಂಗೆ ಎರಡು ರಿಕ್ವೆಸ್ಟ್ ಹೋಗಿದೆ ಅಂತ.”

“ಹೂಂ ಸರ್, ಆದ್ರೆ…”

“ಎರಡು ಹೋಗಿದೆ. ಅಷ್ಟೇ ತಾನೆ? ಆಯ್ತು, ಅದನ್ನೇ ನಾನು ಅವ್ರಿಗೆ ಹೇಳ್ತೀನಿ.”

ನಾನು ಬಾಗಿಲು ಹಾಕಿದೆ. “ಸರ್, ನಿಮ್ಗೆ ಅರ್ಥ ಆಗಿದೆ. ಆಗದೆ ಇರೋರ ಥರ ಆಡ್ಬೇಡಿ.”

ನಾನು ನೋಡಿದ ಮಟ್ಟಿಗೆ ಅಂಗೈ ತಾನಾಗಿ ಕೆಳಗಿಳಿದದ್ದು ಅದೊಂದೇ ಸಲ. “ಅರ್ಥ ಆಗ್ದೆ ಏನಮ್ಮ, ನಾನೇ ಬರ್ದಿರೋದು ತಾನೆ? ಈಗ ಹೋಗಿ ನಮ್ದೇ ತಪ್ಪು ಅಂದ್ರೆ ಕಾಂಟ್ರ್ಯಾಕ್ಟ್ ಹೋಗುತ್ತೆ. ನಿಮ್ಮೆಲ್ಲರ ಹೊಟ್ಟೆ ಮೇಲೆ ಹೊಡ್ದಂಗೆ. ಆ ಹುಡ್ಗೀನ ನಾನು ಉಳಿಸ್ತೀನಿ ಬಿಡಿ. ಮಧ್ಯದಲ್ಲಿ ನಾನಿದೀನಲ್ಲ.”

ಉಳಿಸಿದ ರೀತಿ ಹೇಳುತ್ತೇನೆ. ಮರುದಿನ ನಾನು ರೈಲಿನಲ್ಲಿ ಬರುತ್ತಿದ್ದ ಹೊತ್ತಿಗೆ ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ರತ್ನಳ ಎದುರು ಕೂತಿದ್ದರು. ಈ ಮಾತು ರತ್ನಳೇ ಆಮೇಲೆ ನನಗೆ ಹೇಳಿದ್ದು.

“ನೋಡಮ್ಮ, ಮ್ಯಾನೇಜರ್ ಬೆಂಕಿ ಆಗವ್ರೆ. ಒತ್ತಿಲ್ಲ ಒತ್ತಿಲ್ಲ ಅಂತ ನೀನು ವಾದಕ್ಕೆ ನಿಂತ್ರೆ ಇನ್ನೂ ಕೆರಳ್ತಾರೆ. ಗಾಬರೀಲಿ ಎರಡ್ ಸಲ ಒತ್ಬಿಟ್ಟೆ ಸರ್, ತಪ್ಪಾಯ್ತು ಅಂದ್ಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಅವಳು ನಂಬಿದಳು. ಮ್ಯಾನೇಜರ ಕೋಣೆಗೆ ಹೋಗಿ ಮಾಡದ ತಪ್ಪನ್ನು ಒಪ್ಪಿಕೊಂಡಳು. ಆ ಕಾರ್ಖಾನೆಯಲ್ಲಿ ಪ್ರೊಬೇಷನ್‌ನಲ್ಲಿ ಇರುವವರು ಇಂಥ ತಪ್ಪು ಒಪ್ಪಿಕೊಂಡರೆ ಮುಂದಿನ ಮಾತಿಲ್ಲ. ಮಧ್ಯಾಹ್ನಕ್ಕೆ ಐಡಿ ಕಾರ್ಡು ತೆಗೆದುಕೊಂಡು ಗೇಟಿನಿಂದ ಹೊರಗೆ ಕಳಿಸಿದರು. ಅಂದಹಾಗೆ ಮ್ಯಾನೇಜರು ಬೆಂಕಿಯಾಗಿರಲೇ ಇಲ್ಲ. “ಎನ್‌ಕ್ವಯರಿ ಮಾಡ್ಸೋಣ ಅಂತಿದ್ದೆ ಮೇಡಂ, ಅಷ್ಟರಲ್ಲಿ ಆಯಮ್ಮನೇ ಬಂದು ಒಪ್ಕೊಂಡ್ರು” ಎಂದು ಅವರೇ ನನಗೆ ಹೇಳಿದರು.

ಅವರು ಹಾಗೆ ಹೇಳಿದ್ದು ನಾನು ರಜೆ ಹಾಕಿ ಕಾರ್ಖಾನೆಗೆ ಹೋದ ದಿನ. ಬಾಯಿಮಾತು ಬೇಡ, ಕಣ್ಣಾರೆ ತೋರಿಸುತ್ತೇನೆ ಎಂದು ಕೇಳಿಕೊಂಡೆ. ದ್ರಾವಣದ ಬದಲು ನೀರು ತುಂಬಿಸಿದೆವು. ಕಂಟ್ರೋಲ್ ರೂಮಿನಲ್ಲಿ ಸೂಪರ್‌ವೈಸರ್ ನಾಲ್ಕು ಜನರೆದುರು ಒಂದೇ ಒಂದು ಸಲ ಗುಂಡಿ ಒತ್ತಿದರು. ಪಂಪು ಶುರುವಾದ ಸದ್ದು ಕೇಳಿದ ತಕ್ಷಣ ನಾನು ಶೆಡ್ಡಿನಲ್ಲಿ ಕೇಬಲ್ ಕಿತ್ತು, ಸ್ವಲ್ಪ ತಾಳಿ, ಮತ್ತೆ ಸಿಕ್ಕಿಸಿದೆ. ನೀರು ಅಳತೆಯಷ್ಟು ಬಿದ್ದು ನಿಂತಿತು. ಶೆಡ್ಡಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಆಮೇಲೆ ಯಾರೂ ಏನೂ ಮುಟ್ಟದೆ ಪಂಪು ಮತ್ತೆ ಗುರ್ ಎಂದಿತು, ಅಷ್ಟೇ ನೀರು ಇನ್ನೊಮ್ಮೆ ಬಿತ್ತು. ಕಂಟ್ರೋಲ್ ರೂಮಿಗೆ ಬಂದು ನೋಡಿದರೆ ಪರದೆಯ ಮೇಲೆ ಹಸಿರು ‘ಆಯಿತು’.

ಅಷ್ಟರಲ್ಲಿ ಯಾರೋ ಸುದ್ದಿ ಕೊಟ್ಟು ಸರ್ ಓಡಿ ಬಂದಿದ್ದರು. ಹೊಸ್ತಿಲಲ್ಲೇ ಅಂಗೈ. “ಒಂದ್ನಿಮಿಷ. ನೋಡಿದ್ರಾ ಸರ್, ನಮ್ ಮೇಡಂ ಹೇಳ್ತಿರೋದೇನಂದ್ರೆ ನಿಮ್ ಕೇಬಲ್ ಸರಿ ಇಲ್ಲ ಅಂತ. ಮೊದ್ಲು ಕೇಬಲ್ ಚೇಂಜ್ ಮಾಡ್ಸಿ.”

“ನಾನು ಹೇಳ್ತಿರೋದು ಅದಲ್ಲ” ಎಂದು ನಾನು ಕೂಗಿದೆ, ಕೂಗಿಯೇ ಹೇಳಿದೆ. “ಎರಡನೇ ಸಲ ಕಳ್ಸಿದ್ದು ಇವ್ರ ಪ್ರೋಗ್ರಾಂ. ರತ್ನ ಅಲ್ಲ.”

ಮ್ಯಾನೇಜರು ಕೆಟ್ಟವರಲ್ಲ, ಯೋಚಿಸಿದರು. “ಸರಿ ಮೇಡಂ, ಇವತ್ತು ಹಿಂಗಾಯ್ತು, ನೋಡ್ದೆ. ಆದ್ರೆ ಆಯಮ್ಮ ಬಾ‌ಯ್ಬಿಟ್ಟು ಎರಡ್ ಸಲ ಒತ್ತಿದ್ದೆ ಅಂದ್ರಲ್ಲ. ಒತ್ದೇ ಇದ್ರೆ ಯಾರಾದ್ರೂ ಒತ್ತಿದ್ದೆ ಅಂತಾರಾ?”

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಕ್ಯಾಂಟೀನಿನ ಮಾತು ನನಗಿನ್ನೂ ಗೊತ್ತಿರಲಿಲ್ಲ. ಗೊತ್ತಿದ್ದವರು ದನಿಯನ್ನು ಬೆಣ್ಣೆ ಮಾಡಿಕೊಂಡು ಅಂದರು: “ನಾನೂ ಬಹಳ ಬೇಡ್ಕೊಂಡೆ ಮೇಡಂ ಇವ್ರನ್ನ. ಚಿಕ್ಕ ಹುಡ್ಗಿ, ಏನೋ ಗಾಬರೀಲಿ ಒತ್ತಿದಾಳೆ, ಬಿಟ್ಬಿಡಿ ಅಂತ.”

ಮಹೇಶ ಇಟ್ಟುಕೊಂಡ ಸಂತಾಪ ಸಭೆಯಲ್ಲಿ ನಾನು ಹೇಳಬೇಕಾಗಿದ್ದ ಔದಾರ್ಯ ಇದು. ಸಂಜೆ ರತ್ನ ಫೋನಿನಲ್ಲಿ ಕ್ಯಾಂಟೀನಿನ ಕಥೆ ಹೇಳಿದಾಗ ನಾನು ತಕ್ಷಣ ಮ್ಯಾನೇಜರಿಗೆ ಫೋನ್ ಮಾಡಿದೆ. ಅಲ್ಲಿಗೂ ಸರ್ ಮೊದಲೇ ತಲುಪಿದ್ದರು. ಪ್ರಮೋಷನ್ ಸಿಗದ ಹೊಟ್ಟೆಕಿಚ್ಚಿಗೆ ಮೇಡಂ ನನ್ನ ಮೇಲೆ ಬಿದ್ದಿದ್ದಾರೆ ಎಂದು ಹೇಳಿಯಾಗಿತ್ತು. ಆ ಇಂಟರ್‌ಸೆಪ್ಟರನ್ನು ಅವರೇ ಒಂದು ಭಾನುವಾರ ಹೋಗಿ ತೆಗೆದು ಬಂದರು. ನಾನು ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಬೀಳ್ಕೊಡುವಾಗ ಅವರು ನನ್ನ ಕೈಗೆ ಹೂಗುಚ್ಛ ಕೊಟ್ಟು, “ಎಲ್ಲೇ ಇರಿ, ಏನೇ ಬೇಕಿದ್ರೂ ನನ್ ಮೂಲಕ ಹೇಳಿ” ಎಂದರು. ಹೂಗುಚ್ಛವನ್ನು ರೈಲಿನಲ್ಲೇ ಬಿಟ್ಟು ಇಳಿದೆ.

ರತ್ನಳಿಗೆ ನಾನು ಆಗಲೇ ಎಲ್ಲ ಹೇಳಿದ್ದೆ. ಕೇಬಲ್ ಕಿತ್ತದ್ದು, ನೀರು ಎರಡು ಸಲ ಬಿದ್ದದ್ದು, ಎಲ್ಲ. “ಹೂಂ ಅಕ್ಕ, ಆಯ್ತಕ್ಕ” ಎಂದಿದ್ದಳು. ಕೆಲಸ ಹೋದರೂ ಮನಸ್ಸಿಗಾದರೂ ನಿರಾಳವಾಯಿತಲ್ಲ ಎಂದುಕೊಂಡಿದ್ದೆ. ಮಹೇಶನ ಫೋನು ಬಂದ ಮೇಲೆ ಅವಳನ್ನು ನೋಡಬೇಕೆನಿಸಿತು. ಮರುದಿನ ಗುಬ್ಬಿಯಿಂದ ಬಸ್ಸು ಹತ್ತಿ ಹಾಗಲವಾಡಿಗೆ ಹೋದೆ.

ಮನೆಯ ಹಿಂದೆಯೇ ತೋಟ. ರತ್ನ ತೆಂಗಿನ ಬುಡಕ್ಕೆ ಗರಿ ಹೊದಿಸುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಸರ್ ಹೋದ ಸುದ್ದಿ ಹೇಳಿದೆ. ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟಳು.

“ಅವ್ರು ನಂಗೋಸ್ಕರ ಎಷ್ಟ್ ಓಡಾಡಿದ್ರು. ನನ್ ತಪ್ಪಿಗೆ ಅವ್ರೇನ್ ಮಾಡಕ್ಕಾಯ್ತದೆ, ಬುಡಿ.”

“ನಿನ್ ತಪ್ಪಾ? ನಾನ್ ಆವಾಗ್ಲೇ ಹೇಳಿದ್ನಲ್ಲೇ, ನೀನು ಒಂದೇ ಸಲ ಒತ್ತಿದ್ದು ಅಂತ.”

“ನೀವು ಹೇಳಿದ್ರಿ ಅಕ್ಕ. ಸರೂ ಅವತ್ತೇ ಫೋನ್ ಮಾಡಿದ್ರು. ಮೇಡಂಗೆ ನಿನ್ ಕಂಡ್ರೆ ಮರುಕ, ನೀನು ನೊಂದ್ಕಬಾರ್ದು ಅಂತ ಏನೇನೋ ಹೇಳ್ತಾರೆ, ಅದನ್ನ ನಂಬ್ಕೊಂಡು ಫ್ಯಾಕ್ಟ್ರಿ ಮುಂದೆ ಹೋಗಿ ನಿಂತ್ಕಬೇಡ ಅಂದ್ರು.” ಕೈಗೆ ಅಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. “ಒಂದೊಂದ್ ಸಲ ಒಂದೇ ಒತ್ತಿದ್ದು ಅನ್ನುಸ್ತದೆ. ಒಂದೊಂದ್ ಸಲ ಎರಡ್ ಸಲ ಒತ್ತಿರ್ಬೇಕು, ನಂಗೇ ಗ್ಯಾಪ್ಕ ಇಲ್ಲ ಅನ್ನುಸ್ತದೆ. ನಮ್ಮತ್ತೇನೂ ಅಂತಿರ್ತಾರೆ, ಗುಂಡಿ ಒತ್ತಕೂ ಬರ್ದೋಳು ಅಂತ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸತ್ತ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಅವಳ ಕೆಲಸ ಕಿತ್ತುಕೊಂಡದ್ದು ಸಾಲದೆ, ಅವಳ ಬೆರಳು ಏನು ಮಾಡಿತು ಎಂಬ ಅವಳ ನೆನಪನ್ನೂ ಕದಡಿ ಹೋಗಿದ್ದರು. ಇನ್ನೊಮ್ಮೆ ಬಾಯಿಮಾತಿನಲ್ಲಿ ಹೇಳಿದರೆ ಅದೂ ಮರುಕದ ಲೆಕ್ಕಕ್ಕೇ ಹೋಗುತ್ತದೆ. ಏನು ಮಾಡಲಿ ಎಂದು ಸುತ್ತ ನೋಡಿದೆ. ಪಂಪುಮನೆಯ ಗೋಡೆಗೆ ಮೊಬೈಲ್ ಸ್ಟಾರ್ಟರಿನ ಡಬ್ಬಿ ಕಾಣಿಸಿತು. ಈಗ ಎಲ್ಲ ತೋಟಗಳಲ್ಲೂ ಇರುವಂಥದ್ದೇ, ಮನೆಯಲ್ಲಿ ಕೂತು ಫೋನ್ ಮಾಡಿದರೆ ಇಲ್ಲಿ ಮೋಟರು ಓಡುತ್ತದೆ.

“ರತ್ನ, ಇದಕ್ಕೆ ಫೋನ್ ಮಾಡಿದ್ರೆ ಮೋಟ್ರು ಆನ್ ಆಯ್ತು ಅಂತ ಮೆಸೇಜ್ ಬರುತ್ತಾ?”

“ಬತ್ತದೆ. ಸಿಗ್ನಲ್ ಇಲ್ದಾಗ ಬರಲ್ಲ.”

“ಬರ್ದೇ ಇದ್ರೆ ಏನ್ ಮಾಡ್ತೀಯ? ಇನ್ನೊಂದ್ ಸಲ ಫೋನ್ ಮಾಡ್ತೀಯಾ?”

“ಅಯ್ಯೋ, ಇಲ್ಲಪ್ಪ. ಮೋಟ್ರು ಓಡ್ತಾ ಇದ್ರೆ ಇನ್ನೊಂದ್ ಸಲ ಮಾಡಿದ್ರೆ ನಿಂತೋಯ್ತದೆ. ಮೆಸೇಜ್ ಬರ್ನಿಲ್ಲ ಅಂದ್ರೆ ಮೋಟ್ರು ಓಡ್ತಿಲ್ಲ ಅಂತಲ್ವಲ್ಲ. ಬಂದು ನೋಡ್ತೀನಿ.”

“ಫ್ಯಾಕ್ಟ್ರೀಲಿ ಮೊದ್ಲು ಕೆಂಪು ಬಂದಾಗ ನೀನು ಹಂಗೇ ಶೆಡ್ಡಿಗೆ ಹೋಗಿ ನೋಡ್ತಿದ್ದೆ ತಾನೆ?”

“ಹೂಂ.”

“ಸರ್ ಆ ಕೆಂಪು ನಿನ್ ಕಣ್ಣಿಗೆ ಬೀಳ್ದಂಗೆ ಮಧ್ಯದಲ್ಲಿ ಒಂದು ಪ್ರೋಗ್ರಾಂ ಇಟ್ರು. ಮೆಸೇಜ್ ಬರ್ಲಿಲ್ಲ ಅಂದ್ರೆ ಅದು ಹೋಗಿ ನೋಡ್ತಿರ್ಲಿಲ್ಲ. ನಿನ್ ಹೆಸ್ರಲ್ಲಿ ಇನ್ನೊಂದ್ ಸಲ ಫೋನ್ ಮಾಡ್ತಿತ್ತು, ಅಷ್ಟೇ.”

ಅವಳು ಡಬ್ಬಿಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಅವಳ ಬಲಗೈಯ ತೋರುಬೆರಳು ತಾನಾಗಿಯೇ ಗಾಳಿಯಲ್ಲಿ ಒಮ್ಮೆ ಒತ್ತಿ ನಿಂತಿತು.

“ಅವ್ರಿಗೆ ಇದು ಗೊತ್ತಿತ್ತಾ ಅಕ್ಕ? ಕ್ಯಾಂಟೀನ್‌ಗೆ ಬಂದಾಗ?”

“ಹಿಂದಿನ್ ದಿನಾನೇ ನಾನು ಹೇಳಿದ್ದೆ. ಗೊತ್ತು, ನಾನೇ ಬರ್ದಿರೋದು ಅಂದಿದ್ರು.”

ರತ್ನ ದಾಪುಗಾಲಿಟ್ಟು ಮನೆಯ ಹಿತ್ತಿಲ ಬಾಗಿಲಿಗೆ ಹೋದಳು. ನಾನು ಹಿಂದೆಯೇ ಹೋದೆ.

“ಅತ್ತೆ, ಈಚೆಗ್ ಬನ್ನಿ.”

ಅತ್ತೆ ರಾಗಿ ಕೇರುತ್ತಿದ್ದ ಮೊರ ಹಿಡಿದುಕೊಂಡೇ ಬಂದರು. “ಏನವ್ವ ಅದು, ಕೂಗೋದು?”

“ನಾನ್ ಅವತ್ತು ಫ್ಯಾಕ್ಟ್ರೀಲಿ ಒಂದೇ ಸಲ ಒತ್ತಿದ್ದು. ಇನ್ನೊಂದ್ ಸಲ ಒತ್ತಿದ್ದು ಆ ಸರ್ ಮಾಡಿಟ್ಟಿದ್ದ ಪ್ರೋಗ್ರಾಮು.”

ವಿವರಿಸಲು ನಾನು ಬಾಯಿ ತೆರೆದೆ. ರತ್ನಳ ದನಿ ಕೇಳಿ ಮುಚ್ಚಿಕೊಂಡೆ. ಅವಳ ಮಾತಿಗೆ ನನ್ನ ಸಹಾಯ ಬೇಕಾಗಿರಲಿಲ್ಲ.

ಅತ್ತೆ ಸೊಸೆಯನ್ನು ದಿಟ್ಟಿಸಿ ನೋಡಿದರು. “ಮತ್ ನೀನ್ಯಾಕೆ ಒಪ್ಕಂಡೆ?”

“ಒಪ್ಕಂಡ್ರೆ ಕೆಲ್ಸ ಉಳೀತದೆ ಅಂದ್ರು. ನಂಬಿದೆ.”

“ಆವಯ್ಯ ಈಗ ಎಲ್ಲವ್ನೆ?” ಈ ಪ್ರಶ್ನೆ ನನಗೆ.

“ಮೊನ್ನೆ ತೀರ್ಕೊಂಡ್ರು” ಎಂದೆ.

ಸಾವಿನ ಸುದ್ದಿ ಕೇಳಿದರೆ ಶತ್ರುವಿನದಾದರೂ ‘ಅಯ್ಯೋ ಪಾಪ’ ಎನ್ನುವವರು ನಮ್ಮ ಕಡೆಯ ಹೆಂಗಸರು. ಅತ್ತೆಯೂ “ಅಯ್ಯೋ” ಎಂದರು. ಮುಂದಿನ ಮಾತು ತುಟಿಗೆ ಬಂದಿತ್ತು. ಸೊಸೆಯ ಮುಖ ನೋಡಿದರು, ಅದನ್ನು ನುಂಗಿಕೊಂಡರು.

ಮೊರವನ್ನು ಕೆಳಗಿಟ್ಟು, “ಬಾ ಒಳೀಕೆ” ಎಂದು ರತ್ನಳ ಕೈ ಹಿಡಿದುಕೊಂಡರು.